ಎಷ್ಟು ತಪ್ಪು, ಯಾವ ಕಡೆಗೆ ತಪ್ಪು: ಅಂದಾಜನ್ನು ಹದಕ್ಕೆ ತರುವ ಕ್ರಮ

ಮದರಾಸಿನಿಂದ ಮಂಗಳೂರಿಗೆ ನೆಲದ ಅಗಲ ಎಷ್ಟು? ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಒಳ್ಳೆಯ ನಕ್ಷೆಗಳೆಲ್ಲ ಕೊಡುತ್ತಿದ್ದ ಉತ್ತರ 400 ಮೈಲಿ. 1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಬ್ರಿಟಿಷ್ ಭೂಮಾಪಕ ಮದರಾಸಿನ ಬಳಿ ಸರಪಳಿ ಹಾಸಿ ಒಂದು ಆಧಾರರೇಖೆಯನ್ನು ಅಳೆದ. ಅಲ್ಲಿಂದ ಬೆಟ್ಟದ ತುದಿಯಿಂದ ಬೆಟ್ಟದ ತುದಿಗೆ ತ್ರಿಕೋನಗಳನ್ನು ಹೆಣೆಯುತ್ತ ಅವನ ತಂಡ ಘಟ್ಟ ಇಳಿದು ನಮ್ಮ ಕಡಲ ತೀರ ಮುಟ್ಟಿದಾಗ ಲೆಕ್ಕ ಹೇಳಿದ್ದು ಸುಮಾರು 360 ಮೈಲಿ. ನಲವತ್ತು ಮೈಲಿ ನೆಲ ನಕ್ಷೆಯಿಂದ ಅಳಿಸಿಹೋಯಿತು.

ಇಂದು ಮೊಬೈಲಿನ ನಕ್ಷೆಯಲ್ಲಿ ಎರಡು ಊರುಗಳ ನಡುವೆ ನೇರ ಗೆರೆ ಎಳೆದು ನೋಡಿ. ಸುಮಾರು 590 ಕಿಲೋಮೀಟರ್, ಅಂದರೆ 365 ಮೈಲಿಯ ಆಸುಪಾಸು. ಹಳೆಯ ನಕ್ಷೆ ಶೇಕಡಾ 9ರಷ್ಟು ಹೆಚ್ಚು ಹೇಳಿತ್ತು. ಲ್ಯಾಂಬ್ಟನ್ನನ ದುಂಡು ಅಂಕಿಯಲ್ಲಿ ಉಳಿದ ವ್ಯತ್ಯಾಸ ಶೇಕಡಾ 2ಕ್ಕಿಂತ ಕಡಿಮೆ. ಅದರಲ್ಲೂ ಯಾವ ಬಿಂದುವಿನಿಂದ ಯಾವ ಬಿಂದುವಿಗೆ ಅಳೆದರು ಎಂಬುದರ ಪಾಲಿದೆ.

ಎರಡೂ ತಪ್ಪು ಎಂದು ಬಿಡಬಹುದು, ಸುಳ್ಳೇನಲ್ಲ. ಆದರೆ ಹಾಗೆ ಹೇಳಿದವನಿಗೆ ಲ್ಯಾಂಬ್ಟನ್ ಪಟ್ಟ ಪಾಡೆಲ್ಲ ವ್ಯರ್ಥವಾಗಿ ಕಾಣುತ್ತದೆ. ಎರಡು ತಪ್ಪುಗಳ ನಡುವಿನ ಅಂತರ ಅವನ ಕಣ್ಣಿಗೆ ಬೀಳುವುದೇ ಇಲ್ಲ. ನಮ್ಮ ಬುದ್ಧಿ ಸುಧಾರಿಸುವುದು ಮಾತ್ರ ಆ ಅಂತರದಲ್ಲಿಯೇ. ಅದನ್ನು ಗುರುತಿಸುವುದು ಕಲಿಯಬಹುದಾದ ಕೆಲಸ. ಒಂದು ನೋಟ್‌ಪುಸ್ತಕ, ಒಂದು ಪೆನ್ನು, ತುಸು ಲೆಕ್ಕ ಮತ್ತು ಸ್ವಲ್ಪ ನಾಚಿಕೆಗೇಡಿತನ ಇದ್ದರೆ ಸಾಕು. ಕೊನೆಯದು ಏಕೆಂದು ಮುಂದೆ ತಿಳಿಯುತ್ತದೆ.

ಪ್ರಶ್ನೆಯನ್ನು ಬದಲಿಸಿಕೊಳ್ಳಿ

ಒಂದು ಅಂದಾಜು ಅಥವಾ ನಂಬಿಕೆ ಎದುರಾದಾಗ ಇದು ಸರಿಯೇ ಎಂದು ಕೇಳುವ ಮೊದಲು ಮೂರು ಮಾತು ಕೇಳಿಕೊಳ್ಳಿ. ಎಷ್ಟು ತಪ್ಪಿರಬಹುದು? ಹೆಚ್ಚಿನ ಕಡೆಗೋ, ಕಡಿಮೆಯ ಕಡೆಗೋ? ನನ್ನ ಈಗಿನ ಕೆಲಸಕ್ಕೆ ಅಷ್ಟು ತಪ್ಪು ನಡೆಯುತ್ತದೆಯೇ?

ಮೂರನೆಯ ಪ್ರಶ್ನೆಯನ್ನು ಜನ ಮರೆಯುವುದೇ ಹೆಚ್ಚು. ಅಂಗಳದಲ್ಲಿ ಮೂರು ಮೀಟರ್ ವ್ಯಾಸದ ಬಾವಿ ತೋಡಿಸಿದ್ದೀರಿ, ಕಟ್ಟೆಗೆ ಸುತ್ತಲೂ ಒಂದು ಕಬ್ಬಿಣದ ಸರಳು ಕತ್ತರಿಸಬೇಕು ಎಂದುಕೊಳ್ಳಿ. ವ್ಯಾಸದ ಮೂರು ಪಟ್ಟು ಎಂಬ ಬಾಯಿಲೆಕ್ಕದಲ್ಲಿ ಕತ್ತರಿಸಿದರೆ ಸರಳು 42 ಸೆಂಟಿಮೀಟರ್ ಗಿಡ್ಡವಾಗುತ್ತದೆ, ತುದಿಗಳು ಕೂಡುವುದಿಲ್ಲ. ಶಾಲೆಯಲ್ಲಿ ಕಲಿತ 22/7 ಹಿಡಿದರೆ ನಾಲ್ಕು ಮಿಲಿಮೀಟರ್ ಹೆಚ್ಚಾಗುತ್ತದೆ, ಮೇಸ್ತ್ರಿ ಅದನ್ನು ಗಮನಿಸುವುದೂ ಇಲ್ಲ. ಆರ್ಯಭಟ ಕ್ರಿಸ್ತಶಕ 499ರ ಹೊತ್ತಿಗೆ ಕೊಟ್ಟ 3.1416ರಲ್ಲಿ ಇದೇ ಬಾವಿಗೆ ಬರುವ ವ್ಯತ್ಯಾಸ ಒಂದು ಮಿಲಿಮೀಟರಿನ ಐವತ್ತನೆಯ ಒಂದು ಭಾಗದಷ್ಟು. ಆದರೂ ಅವನು ಅದನ್ನು ಹತ್ತಿರದ ಬೆಲೆ ಎಂದೇ ಕರೆದ, ಪೂರ್ಣ ಬೆಲೆ ಎನ್ನಲಿಲ್ಲ. ಮುಂದೆ ಹದಿನಾಲ್ಕು, ಹದಿನೈದನೆಯ ಶತಮಾನದ ಹೊತ್ತಿಗೆ ಕೇರಳದ ಸಂಗಮಗ್ರಾಮದ ಮಾಧವ ಅದನ್ನು ಹನ್ನೊಂದು ದಶಮಾಂಶ ಸ್ಥಾನಗಳವರೆಗೆ ಸರಿಯಾಗಿ ತಲುಪಿಸಿದ.

ಇವೆಲ್ಲ ಕಟ್ಟುನಿಟ್ಟಾಗಿ ನೋಡಿದರೆ ತಪ್ಪೇ. ಮೊದಲನೆಯದು ಬಾವಿಕಟ್ಟೆಗೂ ಬಾರದ ತಪ್ಪು, ಎರಡನೆಯದು ಬಾವಿಕಟ್ಟೆಗೆ ಧಾರಾಳವಾಗಿ ಸಾಲುವ ತಪ್ಪು. ಸರಳು ಕತ್ತರಿಸುವಾಗ ಮಾಧವನ ಹನ್ನೊಂದು ಸ್ಥಾನ ಬೇಕೆಂದು ಹಟ ಹಿಡಿಯುವವನಿಂದಲೂ ಕೆಲಸ ಕೆಡುತ್ತದೆ ಎಂಬುದನ್ನು ಮರೆಯಬೇಡಿ. ಅಂಥವರು ಮನೆಗೊಬ್ಬರು ಇರುತ್ತಾರೆ.

ಫಲಿತಾಂಶ ಬರುವ ಮೊದಲೇ ಬರೆದಿಡಿ

ಇದೊಂದು ಹೆಜ್ಜೆಯನ್ನು ಬಿಟ್ಟರೆ ಉಳಿದದ್ದೆಲ್ಲ ಹರಟೆ. ನೆನಪು ನಮ್ಮ ಪರವಾಗಿ ಸುಳ್ಳು ಸಾಕ್ಷಿ ಹೇಳುತ್ತದೆ. 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಚೀನಾ ಮತ್ತು ಸೋವಿಯತ್ ಒಕ್ಕೂಟಕ್ಕೆ ಹೋಗುವ ಮುಂಚೆ ಬರೂಕ್ ಫಿಶಾಫ್ ಮತ್ತು ರೂತ್ ಬೇತ್ ಎಂಬ ಮನೋವಿಜ್ಞಾನಿಗಳು ವಿದ್ಯಾರ್ಥಿಗಳಿಂದ ಅಂದಾಜು ಬರೆಸಿಕೊಂಡರು: ಈ ಭೇಟಿಯಲ್ಲಿ ಏನೇನು ಆಗುವ ಸಂಭವ ಎಷ್ಟೆಷ್ಟು? ಭೇಟಿ ಮುಗಿದ ಮೇಲೆ, ನೀವು ಆಗ ಎಷ್ಟು ಎಂದು ಬರೆದಿದ್ದಿರಿ ಎಂದು ಅವರನ್ನೇ ಕೇಳಿದರು. ನಡೆಯಿತು ಎಂದು ತಿಳಿದುಬಂದ ಸಂಗತಿಗಳಿಗೆ ತಾವು ಮೊದಲೇ ಹೆಚ್ಚಿನ ಸಂಭವ ಕೊಟ್ಟಿದ್ದೆವು ಎಂದು ವಿದ್ಯಾರ್ಥಿಗಳು ನೆನಪಿಸಿಕೊಂಡರು. ಕಾಗದ ಬೇರೆಯೇ ಹೇಳುತ್ತಿತ್ತು. 1975ರಲ್ಲಿ ಪ್ರಕಟವಾದ ಈ ಕೆಲಸ ನಮ್ಮ ಜಗಲಿಯ ‘ನಾನು ಆಗಲೇ ಹೇಳಿದ್ದೆ’ ಪಂಗಡಕ್ಕೆ ಕನ್ನಡಿ ಹಿಡಿಯುತ್ತದೆ.

ಏನನ್ನು ಬರೆಯಬೇಕು? ಉಡುಪಿ ಕಡೆಯವರಿಗೆ ನಾನು ಸೂಚಿಸುವುದು ಶಂಕರಪುರ ಮಲ್ಲಿಗೆಯ ದರ. ಅಟ್ಟೆಗೆ (ಮಲ್ಲಿಗೆ ಮಾರುವ ಅಳತೆ) ಇಷ್ಟು ಎಂದು ದಿನವೂ ದರ ಗೊತ್ತಾಗುತ್ತದೆ, ಆದ್ದರಿಂದ ನಿಮ್ಮ ಅಂದಾಜಿಗೆ ಮರುದಿನವೇ ತೀರ್ಪು ಸಿಗುತ್ತದೆ. ಮದುವೆ ಮುಹೂರ್ತ, ಜಾತ್ರೆ, ಹಬ್ಬ, ಮೋಡ, ಮಳೆ ಎಲ್ಲವೂ ಅದನ್ನು ಎಳೆದಾಡುವುದರಿಂದ ಕಣ್ಣು ಮುಚ್ಚಿ ಹೇಳಲೂ ಆಗದು, ಯೋಚಿಸಿದರೆ ಪೂರ್ತಿ ಕೈಗೆಟುಕದ್ದೂ ಅಲ್ಲ. ಮಂಗಳೂರಿನವರು ಮೀನು ಮಾರುಕಟ್ಟೆಯ ಬಂಗುಡೆ ಬೆಲೆಯನ್ನು ಹಿಡಿಯಬಹುದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಇರುವ 61 ದಿನಗಳಲ್ಲಿ ಹಳೆಯ ಲೆಕ್ಕವೆಲ್ಲ ಬದಲಾಗುತ್ತದೆ ಎಂಬುದು ನೆನಪಿರಲಿ.

‘ನಾಳೆ ದರ ಏರಬಹುದು’ ಎಂದು ಬರೆದರೆ ಅದು ಅಂದಾಜಲ್ಲ. ಏರದಿದ್ದರೆ ‘ಬಹುದು ಎಂದಷ್ಟೇ ಹೇಳಿದ್ದು’ ಎಂದು ಜಾರಿಕೊಳ್ಳಲು ಅಲ್ಲಿ ಬಾಗಿಲು ತೆರೆದೇ ಇದೆ. ಹೀಗೆ ಬರೆಯಿರಿ: ಶನಿವಾರದ ಅಟ್ಟೆಯ ದರ ಇಷ್ಟು ರೂಪಾಯಿಯಿಂದ ಇಷ್ಟು ರೂಪಾಯಿಯೊಳಗೆ, ನನ್ನ ಭರವಸೆ ನೂರಕ್ಕೆ ಎಂಬತ್ತು. ಕೆಳಗಿನ ಅಂಕಿಯೂ ಬೇಕು, ಮೇಲಿನ ಅಂಕಿಯೂ ಬೇಕು, ಭರವಸೆಯೂ ಬೇಕು.

ನೂರಕ್ಕೆ ಎಂಬತ್ತು ಎಂದರೆ ಐದು ಸಲದಲ್ಲಿ ಒಂದು ಸಲ ನಿಮ್ಮ ವ್ಯಾಪ್ತಿ ತಪ್ಪಬೇಕು. ಎಂದೂ ತಪ್ಪದಿದ್ದರೆ ಹೆಮ್ಮೆ ಪಡಬೇಡಿ, ವ್ಯಾಪ್ತಿ ಅತಿ ಅಗಲವಾಗಿದೆ ಎಂದು ಅರ್ಥ. ಒಂದು ರೂಪಾಯಿಯಿಂದ ಒಂದು ಲಕ್ಷದೊಳಗೆ ಎಂದವನು ಎಂದೂ ಸೋಲುವುದಿಲ್ಲ, ಅವನಿಂದ ಯಾರಿಗೂ ಪ್ರಯೋಜನವಿಲ್ಲ. ಹೆಚ್ಚಿನವರಿಗೆ ಆಗುವುದು ಇದರ ತಿರುಗುಮುರುಗು: ಎಂಬತ್ತು ಎಂದು ಬರೆದವರ ವ್ಯಾಪ್ತಿ ಅರ್ಧಕ್ಕರ್ಧ ಸಲ ತಪ್ಪುತ್ತದೆ. ಮೊದಲ ಪುಟ ತುಂಬಿದಾಗ ತಪ್ಪಿದ ಅಂದಾಜುಗಳಿಗೆ ಎಳೆದ ಕೆಂಪು ಗೆರೆಗಳನ್ನು ಮನೆಯವರು ನೋಡಿ ನಗುತ್ತಾರೆ. ನಾಚಿಕೆಗೇಡಿತನ ಬೇಕು ಎಂದದ್ದು ಇಲ್ಲಿಗೆ.

ಅಂಕ ಕೊಟ್ಟುಕೊಳ್ಳಿ

ಹೌದು ಅಥವಾ ಇಲ್ಲ ಎಂದು ತೀರ್ಮಾನವಾಗುವ ಪ್ರಶ್ನೆಗಳಿಗೆ ಒಂದು ಸರಳ ಅಳತೆಯಿದೆ. ಗ್ಲೆನ್ ಬ್ರಯರ್ ಎಂಬ ಅಮೆರಿಕದ ಹವಾಮಾನ ತಜ್ಞ 1950ರಲ್ಲಿ ಮಳೆಯ ಮುನ್ಸೂಚನೆಗಳನ್ನು ತೂಗಲೆಂದು ರೂಪಿಸಿದ್ದು. ಆಗುತ್ತದೆ ಎಂದು ನೀವು ಕೊಟ್ಟ ಸಂಭವವನ್ನು 0ಯಿಂದ 1ರೊಳಗೆ ಬರೆಯಿರಿ. ಸಂಗತಿ ನಡೆದರೆ 1, ನಡೆಯದಿದ್ದರೆ 0. ಎರಡರ ವ್ಯತ್ಯಾಸವನ್ನು ಅದರಿಂದಲೇ ಗುಣಿಸಿ. ಇಲ್ಲಿ ಕಡಿಮೆ ಅಂಕವೇ ಒಳ್ಳೆಯದು.

ನಾಳೆ ಮಧ್ಯಾಹ್ನದ ಮೇಲೆ ಮಳೆ ಬರುವ ಸಂಭವ 0.7 ಎಂದಿರಿ. ಮಳೆ ಬಂತು: ವ್ಯತ್ಯಾಸ 0.3, ಅಂಕ 0.09. ಬರಲಿಲ್ಲ: ಅಂಕ 0.49. ಏನೂ ಗೊತ್ತಿಲ್ಲದವನು ದಿನವೂ 0.5 ಎಂದು ಬರೆದರೆ ಅವನಿಗೆ ಸದಾ 0.25. ಬಂದೇ ಬರುತ್ತದೆ ಎಂದು 1 ಬರೆದು ಸೋತವನಿಗೆ ಇಡೀ 1, ಅಂದರೆ ಏನೂ ಗೊತ್ತಿಲ್ಲದವನ ನಾಲ್ಕು ಪಟ್ಟು ದಂಡ.

ಈ ಅಳತೆಯ ಚಮತ್ಕಾರ ಇಬ್ಬರನ್ನು ಹೋಲಿಸಿದಾಗ ಕಾಣುತ್ತದೆ. ಹತ್ತು ದಿನ ಇಬ್ಬರೂ ಮಳೆ ಬರುತ್ತದೆ ಎಂದೇ ಹೇಳಿದರು, ಎಂಟು ದಿನ ಬಂತು. ಒಬ್ಬರು ಪ್ರತಿ ಸಲವೂ ನೂರಕ್ಕೆ ನೂರು ಎಂದಿದ್ದರು: ಎರಡು ಸೋಲು, ಸರಾಸರಿ ಅಂಕ 0.20. ಇನ್ನೊಬ್ಬರು ಪ್ರತಿ ಸಲವೂ ನೂರಕ್ಕೆ ಎಂಬತ್ತು ಎಂದಿದ್ದರು: ಎಂಟು ಸಲ 0.04, ಎರಡು ಸಲ 0.64, ಸರಾಸರಿ 0.16. ಗೆದ್ದ ದಿನಗಳೂ ಸೋತ ದಿನಗಳೂ ಇಬ್ಬರಿಗೂ ಒಂದೇ. ಎರಡನೆಯವರಿಗೆ ತಮ್ಮ ಅನುಮಾನದ ಪ್ರಮಾಣ ಗೊತ್ತಿತ್ತು, ಅದಕ್ಕೆ ಬೆಲೆ ಸಿಕ್ಕಿತು. ಜಗಲಿಯಲ್ಲಿ ಮಾತ್ರ ಮೊದಲನೆಯವರೇ ಪಂಡಿತರೆನಿಸಿಕೊಳ್ಳುತ್ತಾರೆ, ದನಿ ಅವರದೇ ದೊಡ್ಡದು.

ಪ್ರಶ್ನೆಯನ್ನು ಆರಿಸುವಾಗ ನಿಮಗೆ ನೀವೇ ಮೋಸ ಮಾಡಿಕೊಳ್ಳಬೇಡಿ. ಜುಲೈ ತಿಂಗಳ ಮಂಗಳೂರಿನಲ್ಲಿ ನಾಳೆ ಮಳೆ ಬರುತ್ತದೆ ಎಂದು ಹೇಳಲು ಯಾವ ಬುದ್ಧಿಯೂ ಬೇಡ. ಆ ತಿಂಗಳ ಒಳ್ಳೆಯ ಅಂಕ ನಿಮ್ಮದಲ್ಲ, ಮುಂಗಾರಿನದು. ಮೇ ತಿಂಗಳ ಸಂಜೆಯ ಗುಡುಗು ಮಳೆ, ಅಕ್ಟೋಬರಿನ ಹಿಂಗಾರು, ಇಲ್ಲಿ ಅಂದಾಜು ಮಾಡಿ ನೋಡಿ.

ತಪ್ಪು ಯಾವ ಕಡೆಗೆ ವಾಲಿದೆ?

ಉಡುಪಿಯಿಂದ ಮಂಗಳೂರಿನ ಸ್ಟೇಟ್ ಬ್ಯಾಂಕ್ ನಿಲ್ದಾಣಕ್ಕೆ ಬಸ್ಸಿನಲ್ಲಿ ಎಷ್ಟು ಹೊತ್ತು ಎಂದು ಹೊರಡುವ ಮೊದಲು ಬರೆಯುವ ಇಬ್ಬರನ್ನು ಊಹಿಸಿಕೊಳ್ಳಿ. ಒಬ್ಬರು ಸದಾ ಒಂದೂವರೆ ಗಂಟೆ ಎನ್ನುತ್ತಾರೆ, ಪ್ರತಿ ಸಲವೂ ಹದಿನೆಂಟು, ಇಪ್ಪತ್ತು, ಇಪ್ಪತ್ತೆರಡು ನಿಮಿಷ ತಡ. ಇನ್ನೊಬ್ಬರ ಅಂದಾಜು ಒಮ್ಮೆ ಇಪ್ಪತ್ತೈದು ನಿಮಿಷ ಕಡಿಮೆ, ಒಮ್ಮೆ ಇಪ್ಪತ್ತು ನಿಮಿಷ ಹೆಚ್ಚು, ಹೀಗೆ ಚದುರಿಕೊಂಡಿದೆ. ಸರಾಸರಿ ತೆಗೆದರೆ ಎರಡನೆಯವರೇ ಸರಿ ಎನಿಸುತ್ತದೆ.

ಔಷಧ ಸುಲಭವಾಗಿರುವುದು ಮಾತ್ರ ಮೊದಲನೆಯವರ ರೋಗಕ್ಕೆ. ಅವರ ತಪ್ಪು ಒಂದೇ ಕಡೆಗೆ ವಾಲಿದೆ. ಇಪ್ಪತ್ತು ನಿಮಿಷ ಕೂಡಿಸಿದರೆ ಮುಗಿಯಿತು, ಕೂಳೂರು ಸೇತುವೆಯ ಬಳಿ ಏಕೆ ತಡವಾಗುತ್ತದೆ ಎಂಬ ಸಂಶೋಧನೆಯೂ ಬೇಕಾಗಿಲ್ಲ. ಎರಡನೆಯವರಿಗೆ ಹೊಸ ಮಾಹಿತಿಯೇ ಬೇಕು: ಸೋಮವಾರ ಬೆಳಿಗ್ಗೆಯೋ, ಭಾನುವಾರ ಮಧ್ಯಾಹ್ನವೋ? ಎಕ್ಸ್‌ಪ್ರೆಸ್ಸೋ, ಊರೂರಲ್ಲಿ ನಿಲ್ಲುವ ಬಸ್ಸೋ? ಕೊಟ್ಟಾರ ಚೌಕಿಯಿಂದ ಒಳಗೆ ಶಾಲೆ ಬಿಡುವ ಹೊತ್ತೋ? ವಾಲಿದ ತಪ್ಪನ್ನು ಕೂಡಿ ಕಳೆದು ತಿದ್ದಬಹುದು, ಚದುರಿದ ತಪ್ಪನ್ನು ತಿದ್ದಲು ವಿಂಗಡಿಸಬೇಕು. ನೋಟ್‌ಪುಸ್ತಕದಲ್ಲಿ ಪ್ರತಿ ವ್ಯತ್ಯಾಸದ ಮುಂದೆ ಕೂಡು ಅಥವಾ ಕಳೆ ಚಿಹ್ನೆ ಹಾಕುವ ಅಭ್ಯಾಸ ಇಟ್ಟುಕೊಂಡರೆ ಯಾವ ರೋಗ ಎಂದು ಒಂದೇ ನೋಟಕ್ಕೆ ತಿಳಿಯುತ್ತದೆ.

ಕೆಲಸ ಮುಗಿಯುವ ದಿನಾಂಕ ಹೇಳುವಾಗ ಮನುಷ್ಯಜಾತಿಯೆಲ್ಲ ಒಂದೇ ಕಡೆಗೆ ವಾಲುತ್ತದೆ. ಡೇನಿಯಲ್ ಕಾನೆಮನ್ ಮತ್ತು ಏಮೊಸ್ ಟ್ವರ್ಸ್ಕಿ 1979ರಲ್ಲಿಯೇ ಇದನ್ನು ಗುರುತಿಸಿ ಹೆಸರಿಟ್ಟರು. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಪದವಿ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಎಷ್ಟು ದಿನ ಬೇಕು ಎಂದು ಕೇಳಿದಾಗ ಸರಾಸರಿ ಉತ್ತರ ಸುಮಾರು 34 ದಿನ. ಎಲ್ಲವೂ ಕೆಟ್ಟುಹೋದರೆ ಎಷ್ಟು ದಿನ ಎಂದಾಗ ಸುಮಾರು 49. ನಿಜಕ್ಕೂ ಹಿಡಿದದ್ದು ಸುಮಾರು 55. ಅತಿ ಕೆಟ್ಟ ಊಹೆಯೂ ನಿಜವನ್ನು ಮುಟ್ಟಲಿಲ್ಲ! ಮಂಗಳೂರಿನ ಜನರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪಂಪ್‌ವೆಲ್ ಮೇಲ್ಸೇತುವೆ ಗಡುವಿನ ಮೇಲೆ ಗಡುವು ದಾಟಿ, ಸುಮಾರು ಹತ್ತು ವರ್ಷ ಎಳೆದು, 2020ರ ಜನವರಿ ಕೊನೆಗೆ ತೆರೆದುಕೊಳ್ಳುವಷ್ಟರಲ್ಲಿ ನಗೆಹನಿಗಳ ಒಂದು ಭಂಡಾರವೇ ಸಿದ್ಧವಾಗಿತ್ತು.

ಆದ್ದರಿಂದ ಮನೆ ಕಟ್ಟಿಸುವಾಗ ಗುತ್ತಿಗೆದಾರರು ‘ಮಳೆಗಾಲಕ್ಕೆ ಮುಂಚೆ ಮಾಡು ಹಾಕಿಕೊಡುತ್ತೇನೆ’ ಎಂದರೆ ನಿಮ್ಮ ಮನೆಯ ನಕ್ಷೆ ನೋಡಿ ಯೋಚಿಸುತ್ತ ಕೂರಬೇಡಿ. ಅವರೇ ಕಟ್ಟಿದ ಹಿಂದಿನ ಮೂರು ನಾಲ್ಕು ಮನೆಗಳ ಯಜಮಾನರನ್ನು ಕೇಳಿ: ಹೇಳಿದ ತಿಂಗಳು ಯಾವುದು, ಮುಗಿದ ತಿಂಗಳು ಯಾವುದು? ಆ ಸರಾಸರಿ ತಡವನ್ನು ನಿಮ್ಮ ದಿನಾಂಕಕ್ಕೆ ಕೂಡಿಸಿ, ಆಮೇಲೆ ಗೃಹಪ್ರವೇಶದ ಮುಹೂರ್ತ ಕೇಳಿ. ನಮ್ಮದು ಬೇರೆ ಎಂಬ ಭಾವನೆ ಬಂದೇ ಬರುತ್ತದೆ. ಹಿಂದಿನ ಮನೆಗಳ ಯಜಮಾನರಿಗೂ ಅದೇ ಭಾವನೆ ಇತ್ತು.

ಹೊಸ ಸುದ್ದಿ ಬಂದಾಗ ಎಷ್ಟು ಸರಿಯಬೇಕು?

ಕೆಲವರು ಹೊಸ ಸುದ್ದಿ ಬಂದ ಕೂಡಲೇ ಒಂದು ದಡದಿಂದ ಇನ್ನೊಂದು ದಡಕ್ಕೆ ಹಾರುತ್ತಾರೆ. ಕೆಲವರು ಅಲುಗುವುದೇ ಇಲ್ಲ. ನಡುವಿನ ದಾರಿಗೆ ಲೆಕ್ಕವಿದೆ. ಥಾಮಸ್ ಬೇಯ್ಸ್ ಎಂಬ ಇಂಗ್ಲಿಷ್ ಪಾದ್ರಿ ಬರೆದಿಟ್ಟು, ಅವನು ತೀರಿಕೊಂಡ ಮೇಲೆ 1763ರಲ್ಲಿ ಪ್ರಕಟವಾದದ್ದು. ಸೂತ್ರ ನೋಡಿ ಹೆದರುವವರು ಜನರ ತಲೆ ಎಣಿಸಿ ಅದನ್ನೇ ಮಾಡಬಹುದು.

ಮಳೆಗಾಲದಲ್ಲಿ ಜ್ವರ ಬಂತು. ಕರಾವಳಿಯಲ್ಲಿ ಡೆಂಗೆ, ಮಲೇರಿಯಾ, ಇಲಿಜ್ವರ ಮೂರೂ ಕಾಡುವ ಕಾಲ. ಲೆಕ್ಕಕ್ಕಾಗಿ ಅಂಕಿಗಳನ್ನು ಕಲ್ಪಿಸಿಕೊಳ್ಳೋಣ: ಹೀಗೆ ಜ್ವರ ಬಂದ ಸಾವಿರ ಜನರಲ್ಲಿ 50 ಮಂದಿಗೆ ಇಲಿಜ್ವರ ಇದೆ. ಪರೀಕ್ಷೆ ಅವರಲ್ಲಿ 45 ಮಂದಿಯನ್ನು ಹಿಡಿಯುತ್ತದೆ. ಉಳಿದ 950 ಮಂದಿಯಲ್ಲಿ ನೂರಕ್ಕೆ ಐವರಂತೆ ಸುಮಾರು 48 ಮಂದಿಗೆ ಇಲ್ಲದ ರೋಗವನ್ನು ಇದೆ ಎನ್ನುತ್ತದೆ. ಪಾಸಿಟಿವ್ ಎಂದು ಚೀಟಿ ಹಿಡಿದು ಹೊರಬಂದವರು 93. ಅವರಲ್ಲಿ ನಿಜವಾಗಿ ರೋಗ ಇರುವವರು 45, ನೂರಕ್ಕೆ 48.

ಚೀಟಿ ನೋಡಿ ರೋಗ ಖಂಡಿತ ಎಂದುಕೊಂಡವರದು ತಪ್ಪು. ಪರೀಕ್ಷೆಯೇ ದಂಡ ಎಂದವರದೂ ತಪ್ಪೇ, ಏಕೆಂದರೆ ನೂರಕ್ಕೆ 5 ಇದ್ದ ಸಂಭವ ಒಂದೇ ಚೀಟಿಯಿಂದ ಹತ್ತು ಪಟ್ಟಿನ ಹತ್ತಿರಕ್ಕೆ ಏರಿತು. ಅಷ್ಟೇ ಚುರುಕಿನ ಬೇರೊಂದು ಬಗೆಯ ಪರೀಕ್ಷೆಯೂ ಪಾಸಿಟಿವ್ ಬಂದರೆ? 45ರಲ್ಲಿ ಸುಮಾರು 40 ಮಂದಿ, 48ರಲ್ಲಿ ಇಬ್ಬರೋ ಮೂವರೋ ಉಳಿಯುತ್ತಾರೆ. ಸಂಭವ ನೂರಕ್ಕೆ 94ರ ಆಸುಪಾಸಿಗೆ ಬಂತು. 5, 48, 94. ಯಾವ ಮೆಟ್ಟಿಲಿನಲ್ಲೂ ಪೂರ್ಣ ಸತ್ಯ ಸಿಗಲಿಲ್ಲ, ಆದರೆ ಪ್ರತಿ ಮೆಟ್ಟಿಲಿನಲ್ಲಿ ಎಲ್ಲಿ ನಿಂತಿದ್ದೇವೆ ಎಂಬುದು ಗೊತ್ತಿತ್ತು. ಎರಡನೆಯದು ಅದೇ ದೋಷವಿರುವ ಅದೇ ಕಿಟ್ ಆಗಿದ್ದರೆ ಇಷ್ಟು ಏರಿಕೆ ಆಗುವುದಿಲ್ಲ ಎಂಬ ಎಚ್ಚರ ಇರಲಿ. ಒಂದೇ ಸುದ್ದಿ ನಾಲ್ಕು ವಾಟ್ಸಾಪ್ ಗುಂಪುಗಳಿಂದ ಬಂದರೆ ಅದು ನಾಲ್ಕು ಸಾಕ್ಷಿ ಆಗದಿರುವುದೂ ಇದೇ ಕಾರಣಕ್ಕೆ.

ಅಂದಹಾಗೆ, ಖಚಿತವಾಗದಿದ್ದರೂ ಇಲಿಜ್ವರದ ಗಟ್ಟಿ ಗುಮಾನಿ ಇರುವಾಗ ವೈದ್ಯರು ವರದಿಗೆ ಕಾಯದೆ ಔಷಧ ಆರಂಭಿಸುವುದುಂಟು. ಅದು ಲೆಕ್ಕಕ್ಕೆ ವಿರುದ್ಧವಲ್ಲ. ರೋಗವಿಲ್ಲದವನಿಗೆ ಕೆಲವು ದಿನ ಮಾತ್ರೆ ಕೊಡುವ ತಪ್ಪಿಗೂ, ಇರುವವನನ್ನು ಬಿಟ್ಟು ಮೂತ್ರಪಿಂಡ ಕೆಡಿಸುವ ತಪ್ಪಿಗೂ ಬೆಲೆ ಒಂದೇ ಅಲ್ಲ. ಕಡಲಿಗೆ ಇಳಿಯುವವರಿಗೆ ಇದು ಚೆನ್ನಾಗಿ ಗೊತ್ತು. ಚಂಡಮಾರುತದ ಎಚ್ಚರಿಕೆ ಕೇಳಿ ಮಲ್ಪೆಯಲ್ಲಿ ದೋಣಿ ಕಟ್ಟಿಹಾಕಿದರು, ಗಾಳಿ ಬೇರೆ ಕಡೆಗೆ ಹೋಯಿತು ಎಂದುಕೊಳ್ಳಿ. ನಷ್ಟ ಒಂದು ದಿನದ ಸಂಪಾದನೆ. ತಿರುಗುಮುರುಗಾದರೆ ನಷ್ಟವನ್ನು ಹೇಳಬೇಕಾಗಿಲ್ಲ, 2017ರ ಒಖಿ ಚಂಡಮಾರುತದಲ್ಲಿ ಕೇರಳ, ತಮಿಳುನಾಡಿನ ಮೀನುಗಾರರ ಮನೆಗಳು ಅದನ್ನು ಕಂಡಿವೆ. ನೋಟ್‌ಪುಸ್ತಕದಲ್ಲಿ ಸಂಭವದ ಪಕ್ಕಕ್ಕೆ ಇನ್ನೊಂದು ಅಂಕಣ ಬೇಕು: ಈ ಕಡೆಗೆ ತಪ್ಪಿದರೆ ಏನು ಹೋಗುತ್ತದೆ, ಆ ಕಡೆಗೆ ತಪ್ಪಿದರೆ ಏನು ಹೋಗುತ್ತದೆ.

ಹಳೆಯ ವಿವರಣೆಯಲ್ಲಿ ಏನನ್ನು ಉಳಿಸಿಕೊಳ್ಳಬೇಕು?

ಇದುವರೆಗೆ ಅಂಕಿಗಳ ಮಾತಾಯಿತು. ವಿವರಣೆಗಳೂ ಹಂತಹಂತವಾಗಿ ತಿದ್ದಿಕೊಳ್ಳುತ್ತವೆ, ಅಲ್ಲಿ ಮೈಯೆಲ್ಲ ಕಣ್ಣಾಗಿರಬೇಕು.

ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರು ಆ ಆರು ಮೂಲೆಯ ಕಲ್ಲಿನ ಕಂಬಗಳನ್ನು ಮರೆಯಲಾರರು. ಯಾರೋ ಕಡೆದು ನಿಲ್ಲಿಸಿದಂತೆ ಕಾಣುವ ಅವು ಲಾವಾ ತಣಿದು ಕುಗ್ಗುವಾಗ ಸೀಳಿ ಮೂಡಿದವು ಎಂಬುದು ಬಹಳ ಹಿಂದೆಯೇ ತಿಳಿದ ಸಂಗತಿ. ಆದರೆ ಯಾವ ಲಾವಾ? ಪಶ್ಚಿಮ ಭಾರತದ ಲಾವಾ ಎಂದರೆ ಮಹಾರಾಷ್ಟ್ರವನ್ನು ಹೊದ್ದಿರುವ ದಖ್ಖನ್ ಲಾವಾ, ಸುಮಾರು 6.6 ಕೋಟಿ ವರ್ಷ ಹಳೆಯದು, ಜಾತಿಯಲ್ಲಿ ಬಸಾಲ್ಟ್. ದ್ವೀಪದ ಕಲ್ಲನ್ನೂ ಅದೇ ಕುಟುಂಬಕ್ಕೆ ಸೇರಿಸುವುದು ಸಹಜವಾಗಿತ್ತು. ಪ್ರವಾಸಿ ವಿವರಣೆಗಳಲ್ಲಿ ಇಂದಿಗೂ ಬಸಾಲ್ಟ್ ಎಂದೇ ಇರುತ್ತದೆ.

ಕಲ್ಲಿನ ರಾಸಾಯನಿಕ ಪರೀಕ್ಷೆ ಬೇರೆ ಹೇಳಿತು: ಇದರಲ್ಲಿ ಸಿಲಿಕಾ ಬಹಳ ಹೆಚ್ಚು, ಇದು ರಯೋಲೈಟ್ ಮತ್ತು ಡೇಸೈಟ್ ವರ್ಗದ ಕಲ್ಲು. ವಿಕಿರಣ ಆಧಾರಿತ ಕಾಲಗಣನೆ ಇನ್ನೊಂದು ಪೆಟ್ಟು ಕೊಟ್ಟಿತು. ಬೇರೆ ಬೇರೆ ಅಧ್ಯಯನಗಳು ಕೊಟ್ಟ ವಯಸ್ಸು ಸುಮಾರು 8.5 ಕೋಟಿಯಿಂದ 9.3 ಕೋಟಿ ವರ್ಷಗಳ ನಡುವೆ ಬರುತ್ತದೆ. ದಖ್ಖನ್ ಲಾವಾ ಹರಿಯುವುದಕ್ಕೆ ಎರಡು ಕೋಟಿ ವರ್ಷ ಮೊದಲೇ ಈ ಕಂಬಗಳು ನಿಂತಿದ್ದವು. ಭಾರತದಿಂದ ಮಡಗಾಸ್ಕರ್ ಬೇರ್ಪಟ್ಟ ಕಾಲ ಅದು, ಆ ದ್ವೀಪದಲ್ಲೂ ಸರಿಸುಮಾರು ಅದೇ ವಯಸ್ಸಿನ ಜ್ವಾಲಾಮುಖಿ ಕಲ್ಲುಗಳಿವೆ.

ಇಲ್ಲಿ ಏನು ಬಿತ್ತು, ಏನು ಉಳಿಯಿತು ಎಂದು ಪಟ್ಟಿ ಮಾಡಿ ನೋಡಿ. ಕುಟುಂಬ ಬದಲಾಯಿತು, ವಯಸ್ಸು ಬದಲಾಯಿತು, ಕಲ್ಲಿನ ಜಾತಿ ಬದಲಾಯಿತು. ಲಾವಾ ತಣಿದು ಕಂಬವಾಯಿತು ಎಂಬುದು ಕೂದಲಷ್ಟೂ ಅಲುಗಲಿಲ್ಲ. 8.5ರೋ 9.3ರೋ ಎಂಬ ಜಗಳ ನಾಳೆ ತೀರಿದರೂ ಉತ್ತರ ಮತ್ತೆ 6.6ಕ್ಕೆ ಹೋಗಿ ಕೂರುವುದಿಲ್ಲ. ನೀವು ನಂಬಿದ ವಿವರಣೆಯೊಂದು ಕುಸಿದಾಗಲೂ ಹೀಗೆಯೇ ಒಂದು ಕಾಗದದಲ್ಲಿ ಎರಡು ಸಾಲು ಮಾಡಿ: ಕುಸಿದದ್ದು, ನಿಂತದ್ದು. ಹೊಸ ವಿವರಣೆಗೆ ಇನ್ನೊಂದು ಪರೀಕ್ಷೆ ಒಡ್ಡಿ: ಹಳೆಯದು ಇಷ್ಟು ದಿನ ಏಕೆ ಕೆಲಸ ಮಾಡಿತು ಎಂಬುದನ್ನು ಇದು ವಿವರಿಸುತ್ತದೆಯೇ?

ಮಂಗಳೂರಿನವರಿಗೆ ಚಿರಪರಿಚಿತವಾದ ಮಲೇರಿಯಾ ಈ ಪರೀಕ್ಷೆಗೆ ಒಳ್ಳೆಯ ಉದಾಹರಣೆ. ಜೌಗಿನಿಂದ ಏಳುವ ಕೆಟ್ಟ ಗಾಳಿಯಿಂದ ಈ ಜ್ವರ ಎಂದು ಯುರೋಪಿನವರು ಶತಮಾನಗಳ ಕಾಲ ನಂಬಿದ್ದರು. ತಪ್ಪು, ಆದರೆ ಕೆಲಸಕ್ಕೆ ಬರುವ ತಪ್ಪು: ಜೌಗು ಬತ್ತಿಸಿದ ಕಡೆ ಜ್ವರ ಕಡಿಮೆಯಾಗುತ್ತಿತ್ತು. 1880ರಲ್ಲಿ ಲ್ಯಾವೆರಾನ್ ರೋಗಿಯ ರಕ್ತದಲ್ಲಿ ಪರಾವಲಂಬಿಯನ್ನು ಕಂಡ, 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಅದನ್ನು ಸೊಳ್ಳೆಯ ಹೊಟ್ಟೆಯಲ್ಲಿ ಕಂಡ. ಜೌಗು ಬತ್ತಿಸಿದರೆ ಜ್ವರ ಏಕೆ ಇಳಿಯುತ್ತಿತ್ತು ಎಂಬುದೂ ಆಗ ಬಗೆಹರಿಯಿತು, ಸೊಳ್ಳೆಯ ತೊಟ್ಟಿಲೇ ಹೋಗುತ್ತಿತ್ತು. ಹಳೆಯ ನಂಬಿಕೆಯ ತಪ್ಪು ಈಗಿನ ನಗರದಲ್ಲಿ ದುಬಾರಿಯಾಗುತ್ತದೆ. ಇಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆ ಟ್ಯಾಂಕಿನಲ್ಲೂ, ಕಟ್ಟಡ ಕೆಲಸದ ಜಾಗದಲ್ಲಿ ನಿಂತ ತಿಳಿನೀರಿನಲ್ಲೂ ಮೊಟ್ಟೆ ಇಡುತ್ತದೆ. ಗಬ್ಬು ವಾಸನೆಯೇ ಜ್ವರಕ್ಕೆ ಮೂಲ ಎಂದುಕೊಂಡವರು ಚರಂಡಿಗೆ ಬ್ಲೀಚಿಂಗ್ ಪುಡಿ ಸುರಿದು, ತಾರಸಿಯ ಟ್ಯಾಂಕಿನ ಮುಚ್ಚಳ ತೆರೆದಿಟ್ಟು ಮಲಗುತ್ತಾರೆ.

ವಾದಕ್ಕೆ ನಿಂತಾಗ

ತಪ್ಪಿಗೆ ಪ್ರಮಾಣವಿದೆ ಎಂದು ಕಲಿತ ಕೂಡಲೇ ಅದನ್ನು ತಿರುಚಿ ಬಳಸುವವರು ಸಿಗುತ್ತಾರೆ. ಅವರ ವಾದ ಸಾಮಾನ್ಯವಾಗಿ ಹೀಗಿರುತ್ತದೆ.

‘ಹವಾಮಾನ ಇಲಾಖೆಯವರ ಮಾತು ಎಷ್ಟು ಸಲ ಸುಳ್ಳಾಗಿಲ್ಲ ಮಾರಾಯರೇ? ನನ್ನ ಲೆಕ್ಕದ ಪ್ರಕಾರ ಈ ವರ್ಷ ಬರಗಾಲವೇ.’

‘ಹೌದು, ತಪ್ಪುತ್ತದೆ. ಅವರು ಏಪ್ರಿಲಿನಲ್ಲಿ ದೇಶದ ಮುಂಗಾರಿನ ಅಂಕಿ ಕೊಡುವಾಗ ಇದರಲ್ಲಿ ಶೇಕಡಾ 5 ಹೆಚ್ಚುಕಡಿಮೆ ಆಗಬಹುದು ಎಂದು ತಾವೇ ಬರೆಯುತ್ತಾರೆ. ನಿಮ್ಮ ಲೆಕ್ಕದಲ್ಲಿ ಎಷ್ಟು ಹೆಚ್ಚುಕಡಿಮೆ ಆಗಬಹುದು?’

ಈ ಪ್ರಶ್ನೆಗೆ ಉತ್ತರ ಕೊಡುವವರೊಡನೆ ಮಾತು ಮುಂದುವರಿಸಿ, ಅವರಿಂದ ಕಲಿಯುವುದಿರುತ್ತದೆ. ಉತ್ತರದ ಬದಲು ದನಿ ಏರಿದರೆ ಚಹಾ ತರಿಸಿ ವಿಷಯ ಬದಲಿಸಿ. ಹಿರಿಯರಾದರೆ ‘ತಪ್ಪು’ ಎಂಬ ಮಾತನ್ನೇ ಬಳಸದೆ ‘ಎಷ್ಟು ಹೆಚ್ಚುಕಡಿಮೆ ಆಗಬಹುದು ದೊಡ್ಡಪ್ಪ?’ ಎಂದು ಕೇಳಿ ನೋಡಿ. ಅಡಿಕೆ ಫಸಲನ್ನು ಕಣ್ಣಂದಾಜಿನಲ್ಲಿ ಹೇಳುವ ಅವರಲ್ಲಿ ಹಲವರು ಕೆಳಗಿನ ಅಂಕಿಯನ್ನೂ ಮೇಲಿನ ಅಂಕಿಯನ್ನೂ ಥಟ್ಟನೆ ಹೇಳಿಬಿಡುತ್ತಾರೆ. ಅವರಿಗೆ ಈ ವಿದ್ಯೆ ಗೊತ್ತು, ರಾಜಕೀಯ ಮಾತನಾಡುವಾಗ ಮಾತ್ರ ಮರೆತುಹೋಗುತ್ತದೆ.

ಎಲ್ಲಕ್ಕೂ ಈ ಅಳತೆಗೋಲು ಹಿಡಿಯಬೇಡಿ. ಬಸ್ಸು ಹೊರಟುಹೋಗಿದೆಯೇ ಇಲ್ಲವೇ ಎಂಬುದಕ್ಕೆ ನಡುವಿನ ಉತ್ತರವಿಲ್ಲ. ಮಗಳು ಯಾವ ಓದು ಓದಬೇಕು, ಅಮ್ಮನನ್ನು ಊರಲ್ಲೇ ಬಿಡಬೇಕೇ ಎಂಬಂಥವು ಅಂಕದಿಂದ ತೀರ್ಮಾನವಾಗುವ ಮಾತುಗಳಲ್ಲ. ಅವುಗಳೊಳಗೆ ಅಡಗಿದ ಅಂದಾಜುಗಳನ್ನು, ಅಂದರೆ ಖರ್ಚೆಷ್ಟು, ಊರಿಗೆ ಬರಲು ಎಷ್ಟು ಹೊತ್ತು ಎಂಬುದನ್ನು ಬೇರೆ ತೆಗೆದು ಅಳೆಯಬಹುದು, ಅಷ್ಟೇ.

ಪುಸ್ತಕವನ್ನು ಓದುವ ದಿನ

ತಿಂಗಳಿಗೊಮ್ಮೆ ಸಾಕು. ದಿನವೂ ಅಂಕ ನೋಡಿಕೊಳ್ಳುವವರು ಒಂದು ಸೋಲಿಗೆ ಹೆದರಿ ಮರುದಿನದ ವ್ಯಾಪ್ತಿಯನ್ನು ವಿಪರೀತ ಅಗಲಿಸುತ್ತಾರೆ. ತಿಂಗಳ ಕೊನೆಗೆ ಎಂಬತ್ತು ಎಂದು ಬರೆದವುಗಳನ್ನೆಲ್ಲ ಒಂದು ಕಡೆ ತೆಗೆದು ಎಷ್ಟು ಗೆದ್ದವು ಎಂದು ಎಣಿಸಿ. ನೂರಕ್ಕೆ ಅರವತ್ತೇ ಗೆದ್ದಿದ್ದರೆ ಮುಂದಿನ ತಿಂಗಳು ಎಂಬತ್ತು ಎಂದು ಬರೆಯಲು ಕೈ ಹೋದಾಗಲೆಲ್ಲ ವ್ಯಾಪ್ತಿಯನ್ನು ಸ್ವಲ್ಪ ಹಿಗ್ಗಿಸಿ, ಇಲ್ಲವೇ ಅರವತ್ತು ಎಂದೇ ಬರೆಯಿರಿ. ಆಮೇಲೆ ಕೂಡು, ಕಳೆ ಚಿಹ್ನೆಗಳನ್ನು ನೋಡಿ. ಹೆಚ್ಚಿನವು ಒಂದೇ ಕಡೆಗಿದ್ದರೆ ಸರಾಸರಿಯನ್ನು ಕೂಡಿಸಿ ಅಥವಾ ಕಳೆಯಿರಿ.

ಹತ್ತಿಪ್ಪತ್ತು ಅಂದಾಜುಗಳಿಂದ ತೀರ್ಮಾನಕ್ಕೆ ಬರಬೇಡಿ, ಅಷ್ಟರಲ್ಲಿ ಅದೃಷ್ಟವೂ ಬುದ್ಧಿಯಂತೆ ಕಾಣುತ್ತದೆ. ನೂರರ ಹತ್ತಿರ ಬಂದಮೇಲೂ ಅಂಕ ಇಳಿಯದಿದ್ದರೆ ನಿಮ್ಮಲ್ಲಿ ಮಾಹಿತಿ ಸಾಲದು ಎಂದು ಅರ್ಥ. ಆಗ ಮಲ್ಲಿಗೆ ಕೃಷಿ ಮಾಡುವವರನ್ನೇ ಹೋಗಿ ಕೇಳಿ: ನಿನ್ನೆ ಎಷ್ಟು ಮೊಗ್ಗು ಸಿಕ್ಕಿತು, ಈ ವಾರ ಯಾವ ದಿನ ಮುಹೂರ್ತಗಳಿವೆ, ಮೋಡ ಮುಚ್ಚಿದರೆ ಏನಾಗುತ್ತದೆ? ಅವರು ಹೇಳಿದ್ದನ್ನು ಪುಟದ ಅಂಚಿನಲ್ಲಿ ಬರೆದುಕೊಂಡು, ಶನಿವಾರದ ದರಕ್ಕೆ ಶುಕ್ರವಾರ ಸಂಜೆಯೊಳಗೆ ಹೊಸ ವ್ಯಾಪ್ತಿ ಹಾಕಿ.